ಸಹಿ ಬೇಕು, ಸಲಹೆ ಬೇಡ!

ಕೊರೋನಾ ಕಾಲದ ಮುಖಗವಸುಗಳನ್ನು ನಾಡು ಮರೆತಂತಿದೆ. ಆದರೆ ಹೊಸ ಜ್ವರವೊಂದು ಸುದ್ದಿಯಾದಾಗಲೆಲ್ಲ ಹಳೆಯ ಪ್ರಶ್ನೆ ಶಾಲೆಯ ಗೇಟಿನ ಬಳಿ ಮತ್ತೆ ಬಂದು ನಿಲ್ಲುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಸೋಂಕು ಪತ್ತೆಯಾದಾಗ ಅದು ಬಂದಿತ್ತು. ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ ಕೋವಿಡ್ ಪ್ರಕರಣಗಳು ಏರಿ, ಜ್ವರ-ಶೀತವಿರುವ ಮಕ್ಕಳನ್ನು ಶಾಲೆಗೆ ಕಳುಹಿಸಬೇಡಿರೆಂದು ರಾಜ್ಯ ಸರಕಾರ ಸುತ್ತೋಲೆ ಹೊರಡಿಸಿದಾಗಲೂ ಬಂದಿತ್ತು. ಐದು ವರ್ಷದ ಮಗುವಿನ ಮುಖಕ್ಕೆ ಮತ್ತೆ ಬಟ್ಟೆ ಕಟ್ಟಬೇಕೇ ಎಂದು ಒಬ್ಬ ತಾಯಿ ಆತಂಕಪಡುತ್ತಾಳೆ. ಕಟ್ಟದಿದ್ದರೆ ಮನೆಯಲ್ಲಿರುವ ಅಜ್ಜಿಯ ಗತಿಯೇನು ಎಂದು ಇನ್ನೊಬ್ಬ ತಾಯಿ ಕಳವಳಪಡುತ್ತಾಳೆ. ಇಬ್ಬರೂ ತಾಯಂದಿರೇ. ಇಬ್ಬರಿಗೂ ಮಗುವಿನ ಮೇಲೆ ಇರುವ ಪ್ರೀತಿ ಒಂದೇ ತೂಕದ್ದು.

ಇವರಿಬ್ಬರ ಪೈಕಿ ಯಾರು ಸರಿ ಎಂದು ತೀರ್ಪು ನೀಡುವುದು ನಮ್ಮ ಉದ್ದೇಶವಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಪುಟ್ಟ ಮಗುವಿನ ಮುಖದ ಮೇಲೆ ನಿಯಮವೊಂದನ್ನು ಹೇರುವಾಗ ಆ ಮಗುವಿನ ಹೆತ್ತವರನ್ನು ಯಾರಾದರೂ ಕೇಳಿದರೇ? 2021ರಲ್ಲಿ ಶಾಲೆಗಳು ತೆರೆದಾಗ ಹೆತ್ತವರ ಒಪ್ಪಿಗೆ ಪತ್ರವಿಲ್ಲದೆ ಮಗು ತರಗತಿಗೆ ಕಾಲಿಡುವಂತಿರಲಿಲ್ಲ. ಆ ಪತ್ರವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ಹೆತ್ತವರು ಸಹಿ ಹಾಕಲು ಜಾಗವಿತ್ತು. ಅಭಿಪ್ರಾಯ ಬರೆಯಲು ಜಾಗವಿತ್ತೇ? ಏನಾದರೂ ಅನಾಹುತವಾದರೆ ಹೊಣೆ ಹೆತ್ತವರದ್ದು, ನಿಯಮ ಮಾತ್ರ ಬೇರೆಯವರದ್ದು. ಇದನ್ನು ಒಪ್ಪಿಗೆ ಎಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರವೆನ್ನದೆ ವಿಧಿಯಿಲ್ಲ.

ಈ ವಿಷಯದಲ್ಲಿ ತಜ್ಞರು ಏನೆಂದಿದ್ದರು ಎಂಬುದನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಜಂಟಿಯಾಗಿ ನೀಡಿದ ಮಾರ್ಗದರ್ಶನದಲ್ಲಿ ಮಕ್ಕಳನ್ನು ಮೂರು ವಯೋಮಾನಗಳಾಗಿ ವಿಂಗಡಿಸಲಾಗಿತ್ತು. 5 ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಮಾಸ್ಕ್ ಕಡ್ಡಾಯ ಬೇಡ. 12 ವರ್ಷ ದಾಟಿದವರು ದೊಡ್ಡವರಂತೆ ಧರಿಸಲಿ. ನಡುವಿನ 6ರಿಂದ 11 ವರ್ಷದವರ ವಿಷಯದಲ್ಲಿ ಪರಿಸ್ಥಿತಿ ನೋಡಿ ತೀರ್ಮಾನಿಸಬೇಕು. ಊರಿನಲ್ಲಿ ಸೋಂಕು ಎಷ್ಟಿದೆ, ಮಗು ಮಾಸ್ಕನ್ನು ಸರಿಯಾಗಿ ಬಳಸಬಲ್ಲದೇ, ಮಾಸ್ಕ್ ಸಿಗುತ್ತದೆಯೇ, ಒಗೆಯುವ ಅನುಕೂಲವಿದೆಯೇ, ನೋಡಿಕೊಳ್ಳಲು ಹಿರಿಯರಿದ್ದಾರೆಯೇ, ಮನೆಯಲ್ಲಿ ವೃದ್ಧರಿದ್ದಾರೆಯೇ, ಕಲಿಕೆಗೆ ಅಡ್ಡಿಯಾಗುತ್ತದೆಯೇ ಎಂಬುದನ್ನೆಲ್ಲ ಪರಿಗಣಿಸಬೇಕು. ಕಲಿಕೆಯ ಮೇಲಾಗುವ ಪರಿಣಾಮವನ್ನು ಶಿಕ್ಷಕರು, ಹೆತ್ತವರು ಹಾಗೂ ವೈದ್ಯರೊಂದಿಗೆ ಸಮಾಲೋಚಿಸಿ ಅಳೆಯಬೇಕು ಎಂಬ ಸಲಹೆಯೂ ಅದರಲ್ಲಿತ್ತು ಎಂಬುದು ಗಮನಾರ್ಹ. ಭಾರತ ಸರಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ಇದೇ ವಿಂಗಡಣೆಯನ್ನು ಅನುಸರಿಸಿತು. 5 ವರ್ಷದವರೆಗಿನ ಮಕ್ಕಳಿಗೆ ಮಾಸ್ಕನ್ನು ಶಿಫಾರಸು ಮಾಡುವುದಿಲ್ಲ, 6ರಿಂದ 11ರವರೆಗಿನವರು ಹೆತ್ತವರ ನೇರ ಉಸ್ತುವಾರಿಯಲ್ಲಿ ಧರಿಸಬಹುದು ಎಂದಿತು. 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ಇದನ್ನೇ ಪುನರುಚ್ಚರಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದರೋ ಎರಡು ವರ್ಷ ದಾಟಿದ ಮಕ್ಕಳಿಗೇ ಮಾಸ್ಕ್ ಹಾಕಿರೆಂದು ಸಲಹೆ ನೀಡಿತ್ತು.

ಅಂದರೆ, ಜಗತ್ತಿನ ದೊಡ್ಡ ಸಂಸ್ಥೆಗಳ ನಡುವೆಯೇ ಈ ಬಗ್ಗೆ ಒಮ್ಮತವಿರಲಿಲ್ಲ. ಅನಂತರ ಬಂದ ಅಧ್ಯಯನಗಳೂ ಎರಡೂ ಕಡೆಗೆ ಮಾತನಾಡಿವೆ. 2022ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾಸ್ಕ್ ನಿಯಮ ತೆಗೆದುಹಾಕಿದ ಶಾಲಾ ಜಿಲ್ಲೆಗಳಲ್ಲಿ, ಉಳಿಸಿಕೊಂಡ ಜಿಲ್ಲೆಗಳಿಗೆ ಹೋಲಿಸಿದರೆ, 15 ವಾರಗಳಲ್ಲಿ ಪ್ರತಿ 1000 ವಿದ್ಯಾರ್ಥಿ-ಸಿಬ್ಬಂದಿಗೆ ಸುಮಾರು 45 ಹೆಚ್ಚುವರಿ ಪ್ರಕರಣಗಳು ಕಂಡುಬಂದವು. ಸ್ಪೇನಿನ ಕೆಟಲೋನಿಯಾದಲ್ಲಿ 6 ವರ್ಷದವರಿಗೆ ಮಾಸ್ಕ್ ಕಡ್ಡಾಯವಿತ್ತು, 5 ವರ್ಷದವರಿಗೆ ಇರಲಿಲ್ಲ. ಸುಮಾರು 6 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಕಡ್ಡಾಯ ನಿಯಮದಿಂದ ಸೋಂಕಿನ ಹರಡುವಿಕೆ ಗಮನಾರ್ಹವಾಗಿ ತಗ್ಗಿದ ಕುರುಹು ಸಿಗಲಿಲ್ಲ. ವಿದ್ವಾಂಸರೇ ಭಿನ್ನಮತದಲ್ಲಿರುವಾಗ ಸಾಮಾನ್ಯ ಹೆತ್ತವರ ಭಿನ್ನಮತವನ್ನು ಅಜ್ಞಾನವೆಂದು ಅಥವಾ ಉದ್ಧಟತನವೆಂದು ಜರೆಯುವ ಅಧಿಕಾರ ಯಾರಿಗಿದೆ?

ಹೆತ್ತವರ ಮಾತುಗಳನ್ನು ಸಹನೆಯಿಂದ ಆಲಿಸಿದರೆ ಅಲ್ಲಿ ಹಟಕ್ಕಿಂತ ಹೆಚ್ಚು ಅನುಭವವಿರುವುದು ಕಾಣುತ್ತದೆ. ಮಾಸ್ಕ್ ಬೇಕೆಂದವರು ಯಾರು? ಒಂದೇ ಕೋಣೆಯ ಮನೆಯಲ್ಲಿ ಮಧುಮೇಹಿ ತಂದೆಯನ್ನೂ ಶಾಲೆಗೆ ಹೋಗುವ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡವರು. 2021ರ ಎಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ಆಮ್ಲಜನಕಕ್ಕಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರು, ಮನೆಯವರ ಮಯ್ಯಿತ್‌ನ ಮುಖ ನೋಡಲೂ ಆಗದೆ ದಫನ್ ಮಾಡಿಬಂದವರು. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯಲ್ಲಿ ಹದಿನಾಲ್ಕು ದಿನದ ಕ್ವಾರಂಟೈನ್ ಎಂದರೇನೆಂದು ಬಲ್ಲವರು. ಅವರ ಭಯಕ್ಕೆ ಕಾರಣವಿತ್ತು.

ಬೇಡವೆಂದವರು ಯಾರು? ಉಬ್ಬಸವಿರುವ ಮಗುವಿನ ತಾಯಿ. ಬೆಳಿಗ್ಗೆ ಕಟ್ಟಿದ ಬಟ್ಟೆ ಮಧ್ಯಾಹ್ನದೊಳಗೆ ಜೊಲ್ಲು-ಸಿಂಬಳದಲ್ಲಿ ಒದ್ದೆಯಾಗಿ, ನೆಲಕ್ಕೆ ಬಿದ್ದು, ಪಕ್ಕದ ಮಗುವಿನ ಮಾಸ್ಕ್‌ನೊಂದಿಗೆ ಅದಲುಬದಲಾಗಿ ಮನೆಗೆ ಬರುವುದನ್ನು ಕಂಡವಳು. ಕಿವಿ ಕೇಳಿಸದ, ಶಿಕ್ಷಕಿಯ ತುಟಿಯ ಚಲನೆಯಿಂದಲೇ ಮಾತು ಗ್ರಹಿಸುವ ಮಗುವಿನ ತಂದೆ. ಮಕ್ಕಳಿಗೆ ದಿನಕ್ಕೊಂದು ಶುಭ್ರ ಮಾಸ್ಕ್ ಒದಗಿಸಲು ಕೈಯಲ್ಲಿ ಕಾಸಿಲ್ಲದವರು. ಇವರಿಗೂ ಕಾರಣವಿತ್ತು.

ಇಲ್ಲಿ ಭಾಷೆಯ ವಿಷಯವೊಂದನ್ನು ವಿಶೇಷವಾಗಿ ಹೇಳಬೇಕು. ನಮ್ಮ ಸಮುದಾಯದ ಬಹುಪಾಲು ಮಕ್ಕಳ ಮನೆಮಾತು ಉರ್ದು, ಬ್ಯಾರಿ, ನವಾಯತಿ ಅಥವಾ ಮಲಯಾಳ. ಅವರಿಗೆ ಕನ್ನಡದ ಅಕ್ಷರಗಳ ಪರಿಚಯವಾಗುವುದು ಒಂದನೇ ತರಗತಿಯ ಶಿಕ್ಷಕಿಯ ಬಾಯಿಂದ. ಬಾಯಿ ಕಾಣದಿದ್ದರೆ ಅಕ್ಷರ ಹೇಗೆ ಬರುತ್ತದೆ? ಮದ್ರಸದಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ತಜ್‌ವೀದ್ ಕಲಿಸುವ ಉಸ್ತಾದರು ಮೊದಲ ಪಾಠದಲ್ಲೇ ಮಗುವಿಗೆ ತಮ್ಮ ಮುಖ ನೋಡಲು ಹೇಳುತ್ತಾರೆ. ಪ್ರತಿ ಅಕ್ಷರಕ್ಕೂ ಒಂದು ಮಖ್ರಜ್ ಉಂಟು, ಅದು ಹೊರಡುವ ನೆಲೆ ಉಂಟು. ಬಾ, ಮೀಮ್, ವಾವ್, ಫಾ ಇವು ತುಟಿಯಲ್ಲಿ ಹುಟ್ಟುವ ಅಕ್ಷರಗಳು. ಕನ್ನಡದ ಪ ಫ ಬ ಭ ಮಗಳೂ ಹಾಗೆಯೇ. ಮುಚ್ಚಿದ ತುಟಿಯಿಂದ ತುಟಿಯಕ್ಷರ ಕಲಿಸುವ ಕಷ್ಟ ಉಸ್ತಾದರಿಗೆ ಗೊತ್ತು, ಒಂದನೇ ತರಗತಿಯ ಶಿಕ್ಷಕಿಗೂ ಗೊತ್ತು. ನಿಯಮ ರೂಪಿಸಿದವರು ಇವರಿಬ್ಬರನ್ನೂ ಕೇಳಲಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಎಲ್ಲರನ್ನೂ ಕೇಳುತ್ತಾ ಕೂರಲು ಸಾಧ್ಯವೇ ಎಂದು ಕೆಲವರು ಆಕ್ಷೇಪಿಸಬಹುದು. ಮೊದಲ ಕೆಲವು ವಾರಗಳ ಮಟ್ಟಿಗೆ ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಬೆಂಕಿ ಬಿದ್ದಾಗ ಯಾರೂ ಸಭೆ ಕರೆಯುವುದಿಲ್ಲ. ಆದರೆ ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ 1ರಿಂದ 5ನೇ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಎಲ್‌ಕೆಜಿ, ಯುಕೆಜಿ ಮತ್ತು ಅಂಗನವಾಡಿಗಳು ತೆರೆದದ್ದು ನವೆಂಬರ್ 8ರಂದು. ಹತ್ತೊಂಬತ್ತು ತಿಂಗಳಿಗೂ ಮೀರಿದ ಅವಧಿ! ಒಂದು ಎಸ್‌ಡಿಎಂಸಿ ಸಭೆ ಕರೆದು ಹೆತ್ತವರ ಮಾತು ಕೇಳಲು ಇಷ್ಟು ಕಾಲ ಸಾಲದೇ ಹೋಯಿತೇ?

ಕೇಳಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದಕ್ಕೂ ಸಾಕ್ಷ್ಯವಿದೆ. ಅರ್ಥಶಾಸ್ತ್ರಜ್ಞ ಜೀನ್ ಡ್ರೆಜ್ ಮತ್ತಿತರರ ನೇತೃತ್ವದಲ್ಲಿ 2021ರ ಆಗಸ್ಟ್‌ನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1400 ಬಡ ಕುಟುಂಬಗಳ ಮಕ್ಕಳ ಸಮೀಕ್ಷೆ ನಡೆಯಿತು. ಗ್ರಾಮೀಣ ಪ್ರದೇಶದಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕಲಿಯುತ್ತಿದ್ದ ಮಕ್ಕಳು ಕೇವಲ ಶೇ. 8. ಏನನ್ನೂ ಓದದೆ ಇದ್ದವರು ಶೇ. 37. ಶಾಲೆ ತೆರೆಯಿರೆಂದ ಗ್ರಾಮೀಣ ಹೆತ್ತವರು ಶೇ. 97! ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು ಅಧ್ಯಯನ ಮಾಡಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು, ಶೇ. 92ರಷ್ಟು ಮಕ್ಕಳು ಹಿಂದೆ ಕಲಿತಿದ್ದ ಒಂದಾದರೂ ಭಾಷಾ ಕೌಶಲವನ್ನು ಕಳೆದುಕೊಂಡಿದ್ದಾರೆಂದು 2021ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಅದೇ ವರ್ಷದ ಜುಲೈನಲ್ಲಿ ಐಸಿಎಂಆರ್‌ನ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆ, 6ರಿಂದ 9 ವರ್ಷದ ಮಕ್ಕಳ ಪೈಕಿ ಶೇ. 57.2ರಷ್ಟು ಮಂದಿಯಲ್ಲಿ ಪ್ರತಿಕಾಯ ಈಗಾಗಲೇ ಇದೆಯೆಂದು ತಿಳಿಸಿತು. ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕವೆಂದು ಆ ಸಂಸ್ಥೆಯ ಮುಖ್ಯಸ್ಥರೇ ಹೇಳಿದ್ದರು.

ಆದರೆ ಇಲ್ಲಿ ನಡೆದದ್ದೇನು? ರಾಜ್ಯದ ಸಿನಿಮಾ ಮಂದಿರಗಳು 2021ರ ಅಕ್ಟೋಬರ್ 1ರಿಂದಲೇ ಪೂರ್ತಿ ಪ್ರೇಕ್ಷಕರಿಗೆ ತೆರೆದುಕೊಂಡವು. ಪಬ್ಬುಗಳೂ ಕಾಯಬೇಕಾಗಲಿಲ್ಲ. ಒಂದನೇ ತರಗತಿಯ ಮಗು ಮಾತ್ರ ಎಲ್ಲರಿಗಿಂತ ಕೊನೆಯಲ್ಲಿ, ಒಪ್ಪಿಗೆ ಪತ್ರ ಹಿಡಿದು ನಿಲ್ಲಬೇಕಾಯಿತು. ಚಿತ್ರಮಂದಿರದ ಮಾಲಕರಿಗೆ ಸಂಘವಿದೆ, ಮಂತ್ರಿಗಳ ಭೇಟಿಗೆ ದಾರಿಯಿದೆ. ಮಗುವಿಗೆ ಏನಿದೆ? ದೊಡ್ಡವರ ಧ್ವನಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇನ್ನೊಂದು ನಿದರ್ಶನ ನೋಡಿ. 2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1000 ರೂಪಾಯಿ, ಉಳಿದೆಡೆ 500 ರೂಪಾಯಿ ದಂಡವೆಂದು ಸರಕಾರ ಘೋಷಿಸಿತು. ಜನ ಸಿಟ್ಟಿಗೆದ್ದರು. ಒಂದೇ ವಾರದಲ್ಲಿ ಅದು 250 ಮತ್ತು 100 ರೂಪಾಯಿಗಳಿಗೆ ಇಳಿಯಿತು. ದೊಡ್ಡವರ ಕಿಸೆಗೆ ಕೈಯಿಟ್ಟಾಗ ಏಳೇ ದಿನಗಳಲ್ಲಿ ನಿಯಮ ಬದಲಾಗಬಹುದಾದರೆ, ಮಗುವಿನ ಮುಖದ ವಿಷಯದಲ್ಲಿ ಅದು ಕಲ್ಲಿನ ಮೇಲೆ ಕೆತ್ತಿದ ಶಾಸನವಾದದ್ದೇಕೆ?

ನಿಯಮ ಮಾಡಿದವರು ಅದನ್ನು ಪಾಲಿಸುವ ಸಾಧನವನ್ನೂ ಒದಗಿಸಬೇಕು. ಇದು ಸಾಮಾನ್ಯ ನ್ಯಾಯ. ಆದರೆ ಶಿಶುವಿಹಾರದ ಮಗುವೂ ಮಾಸ್ಕಿಲ್ಲದೆ ಗೇಟು ದಾಟಲಾಗದ ಸ್ಥಿತಿ ಅನೇಕ ಖಾಸಗಿ ಶಾಲೆಗಳಲ್ಲಿತ್ತು. ಆರೋಗ್ಯ ಇಲಾಖೆಯೇ ಬೇಡವೆಂದ ವಯಸ್ಸಿಗೆ ಶಾಲಾ ಆಡಳಿತ ಮಂಡಳಿ ಬೇಕೆಂದಿತು! ಕೆಲವೆಡೆ ಶಾಲೆಯ ಲಾಂಛನವಿರುವ ಮಾಸ್ಕನ್ನೇ ಕೊಳ್ಳಬೇಕಾಗಿಯೂ ಬಂತು. ರೋಗ ತಡೆಯುವ ಬಟ್ಟೆ ಹೀಗೆ ಸಮವಸ್ತ್ರದ ಬಾಬ್ತಿಗೆ ಸೇರಿಹೋಯಿತು.

ಸಮವಸ್ತ್ರದ ಮಾತು ಬಂದಾಗ 2022ರ ಫೆಬ್ರವರಿಯನ್ನು ಮರೆಯುವಂತಿಲ್ಲ. ಫೆಬ್ರವರಿ 5ರಂದು ರಾಜ್ಯ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. 10ರಂದು ಹೈಕೋರ್ಟಿನ ಮಧ್ಯಂತರ ಆದೇಶ ಬಂತು. ಆ ದಿನಗಳಲ್ಲಿ ಶಾಲೆ-ಕಾಲೇಜುಗಳ ಗೇಟುಗಳಲ್ಲಿ ಮೂಗು-ಬಾಯಿ ಮುಚ್ಚಿಕೊಳ್ಳದವರಿಗೆ ಪ್ರವೇಶವಿರಲಿಲ್ಲ, ತಲೆಗೂದಲು ಮುಚ್ಚಿಕೊಂಡವರಿಗೂ ಪ್ರವೇಶವಿರಲಿಲ್ಲ. ಇವೆರಡೂ ಒಂದೇ ವಿಷಯವೆಂದು ನಾವು ಹೇಳುವುದಿಲ್ಲ. ಒಂದು ರೋಗಕ್ಕೆ ಸಂಬಂಧಿಸಿದ್ದು, ಇನ್ನೊಂದು ವಿಶ್ವಾಸಕ್ಕೆ ಸಂಬಂಧಿಸಿದ್ದು. ಒಂದು ಎಲ್ಲರ ಮಕ್ಕಳದ್ದು, ಇನ್ನೊಂದು ನಮ್ಮ ಹೆಣ್ಣುಮಕ್ಕಳದ್ದು. ಆದರೆ ಎರಡರ ಹಿಂದೆಯೂ ಇದ್ದ ರೋಗ ಒಂದೇ. ಮಕ್ಕಳ ಮೈಮೇಲಿನ ಬಟ್ಟೆಯ ಬಗ್ಗೆ ಹೆತ್ತವರನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುವ ರೋಗ. ಮಾಸ್ಕ್ ವಿಷಯದಲ್ಲಿ ತೆಪ್ಪಗಿದ್ದ ಸಮಾಜಕ್ಕೆ, ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಯೊಂದು ಹುಡುಗಿಯರ ಉಡುಪನ್ನು ನಿರ್ಧರಿಸಿದಾಗ ಅದು ಅಸಹಜವೆನಿಸಲಿಲ್ಲ. ಕೇಳದಿರುವುದು ಒಮ್ಮೆ ರೂಢಿಯಾದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಇನ್ನು ಆತ್ಮಾವಲೋಕನದ ಸರದಿ. ಸರಕಾರವನ್ನು ದೂರುವ ನಾವು ನಮ್ಮ ಮನೆಯೊಳಗೆ ಏನು ಮಾಡಿದೆವು? ಅಲ್ಲಾಹನ ಮೇಲೆ ಭರವಸೆಯಿದ್ದವನಿಗೆ ಮಾಸ್ಕ್ ಏಕೆ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಕೇಳಿಬಂತು. ಇದು ತವಕ್ಕುಲ್ ಅಲ್ಲ, ಸೋಮಾರಿತನ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನಲ್ಲಿ ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ಪ್ರತಿ ಮದ್ರಸದ ಮಗುವೂ ಓದಿರುತ್ತದೆ. 2020ರಲ್ಲಿ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನು ರೋಗದ ವಾಹಕವೆಂದು ಬಿಂಬಿಸಲಾಯಿತು ನಿಜ. ವಿದೇಶಿ ಸದಸ್ಯರನ್ನು ಬಲಿಪಶು ಮಾಡಲಾಗಿದೆಯೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ವರ್ಷದ ಆಗಸ್ಟ್‌ನಲ್ಲಿ ಹೇಳಿ ಪ್ರಕರಣಗಳನ್ನು ರದ್ದುಪಡಿಸಿದ್ದೂ ನಿಜ. ಆ ಗಾಯದಿಂದ ಹುಟ್ಟಿದ ಸಂಶಯ ನಮಗೆ ಅರ್ಥವಾಗುತ್ತದೆ. ಆದರೆ ಸಂಶಯ ಮತ್ತು ವದಂತಿಯ ನಡುವೆ ಗೋಡೆಯೊಂದು ಇರಬೇಕು. ಮಾಸ್ಕ್ ಬೇಡವೆನ್ನಲು ಮಗುವಿನ ಉಬ್ಬಸ ಒಂದು ಕಾರಣ. ಇದೆಲ್ಲ ಯಾವುದೋ ಸಂಚು ಎಂಬುದು ಕಾರಣವಲ್ಲ. ಕಾರಣ ಹೇಳಬಲ್ಲವರ ಮಾತಿಗೆ ಮಾತ್ರ ಸಭೆಯಲ್ಲಿ ಬೆಲೆ.

ನಮ್ಮದೇ ಆಡಳಿತದ ಶಾಲೆಗಳ ಕತೆ ಏನು? ಸಮುದಾಯದ ಹಣದಿಂದ ನಡೆಯುವ ಎಷ್ಟು ಶಾಲೆಗಳು ಹೆತ್ತವರನ್ನು ಕರೆದು ಕೇಳಿದವು? ಆಡಳಿತ ಸಮಿತಿಯಲ್ಲಿ ಉದ್ಯಮಿಗಳಿದ್ದಾರೆ, ಊರ ಗಣ್ಯರಿದ್ದಾರೆ. ಮಗುವಿನ ಮೂಗು ಒರೆಸುವ ತಾಯಿ ಎಲ್ಲಿದ್ದಾಳೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಕಲಮು, ಸರಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ನಾಲ್ಕನೇ ಮೂರರಷ್ಟು ಮಂದಿ ಹೆತ್ತವರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಅನುದಾನರಹಿತ ಶಾಲೆಗಳಿಗೆ ಇದು ಅನ್ವಯವಾಗದು. 2012ರ ತಿದ್ದುಪಡಿಯ ಬಳಿಕ ಅಲ್ಪಸಂಖ್ಯಾತ ಶಾಲೆಗಳ ಸಮಿತಿಗೆ ಸಲಹೆ ನೀಡುವ ಪಾತ್ರ ಮಾತ್ರ. ಸಂವಿಧಾನ ನಮಗೆ ಕೊಟ್ಟ ರಕ್ಷಣೆಯನ್ನು ನಮ್ಮದೇ ತಾಯಂದಿರ ಬಾಯಿ ಮುಚ್ಚಿಸಲು ಬಳಸುವುದು ಯಾವ ನ್ಯಾಯ? ಸರಕಾರಿ ಶಾಲೆಗಳಲ್ಲಾದರೋ ಎಸ್‌ಡಿಎಂಸಿ ಇದೆ, ಆದರೆ ಸಭೆಗೆ ನಾವು ಹೋಗುವುದಿಲ್ಲ. ಸಭಾ ನಡಾವಳಿ ಪುಸ್ತಕ ಮನೆಗೆ ಬಂದಾಗ ಸಹಿ ಹಾಕಿ ಕಳಿಸುತ್ತೇವೆ. ಸಹಿ ಮಾತ್ರ ಕೇಳುವ ಆಡಳಿತ, ಸಹಿ ಮಾತ್ರ ಕೊಡುವ ಹೆತ್ತವರು. ಇಬ್ಬರೂ ಒಬ್ಬರನ್ನೊಬ್ಬರು ಸಾಕುತ್ತಿದ್ದಾರೆ.

ಇಸ್ಲಾಮಿನ ಇತಿಹಾಸದಲ್ಲಿ ಸಾಂಕ್ರಾಮಿಕದ ಕುರಿತೇ ನಡೆದ ಸಮಾಲೋಚನೆಯೊಂದಿದೆ. ಹಿಜರಿ 18ರ ಸುಮಾರಿಗೆ ಸಿರಿಯಾದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದ ಕಾಲ. ಖಲೀಫಾ ಉಮರ್(ರ) ಅತ್ತ ಪ್ರಯಾಣ ಹೊರಟು ಸರ್‌ಗ್ ಎಂಬಲ್ಲಿಗೆ ಬಂದಾಗ ರೋಗದ ಸುದ್ದಿ ಮುಟ್ಟಿತು. ಅವರು ತಕ್ಷಣ ಫರ್ಮಾನು ಹೊರಡಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆದು ಕೇಳಿದರು, ಅವರಲ್ಲಿ ಭಿನ್ನಾಭಿಪ್ರಾಯ ಬಂತು. ಅನ್ಸಾರ್‌ಗಳನ್ನು ಕರೆದರು, ಅವರಲ್ಲೂ ಭಿನ್ನಾಭಿಪ್ರಾಯ. ಬಳಿಕ ಕುರೈಷ್ ಹಿರಿಯರನ್ನು ಕರೆದರು, ಅವರು ಒಮ್ಮತದಿಂದ ಹಿಂದಿರುಗಲು ಸೂಚಿಸಿದರು. ಹಿಂದಿರುಗುವ ತೀರ್ಮಾನ ಪ್ರಕಟವಾದಾಗ ಅಬೂ ಉಬೈದಾ(ರ) ಎದ್ದು, ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಎಲ್ಲರೆದುರೇ ಪ್ರಶ್ನಿಸಿದರು. ಉಮರ್(ರ) ಅವರ ಬಾಯಿ ಮುಚ್ಚಿಸಲಿಲ್ಲ. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂದು, ಹಸಿರು ಇಳಿಜಾರು ಮತ್ತು ಬರಡು ಇಳಿಜಾರಿನಲ್ಲಿ ಒಂಟೆ ಮೇಯಿಸುವವನ ಉದಾಹರಣೆಯೊಂದಿಗೆ ವಿವರಿಸಿದರು. ರೋಗವಿರುವ ಊರಿಗೆ ಹೋಗಬಾರದು, ಇರುವ ಊರಿನಿಂದ ಓಡಬಾರದು ಎಂಬ ಪ್ರವಾದಿ(ಸ)ರ ಬೋಧನೆಯನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದ್ದು ಅನಂತರ. ಮೂರು ಸುತ್ತಿನ ಸಮಾಲೋಚನೆ, ಬಹಿರಂಗ ಪ್ರಶ್ನೆ, ಬಹಿರಂಗ ಉತ್ತರ. ಪ್ಲೇಗಿನ ನಡುವೆ, ಮರುಭೂಮಿಯ ದಾರಿಯಲ್ಲಿ ಖಲೀಫರಿಗೆ ಸಾಧ್ಯವಾದದ್ದು ನಮ್ಮ ಮುಖ್ಯೋಪಾಧ್ಯಾಯರಿಗೆ ಏಕೆ ಸಾಧ್ಯವಾಗದು?

ಇನ್ನೂ ಒಂದು ಮಾತು. ಮಗುವಿಗೆ ಎದೆಹಾಲು ಬಿಡಿಸುವ ವಿಷಯದಲ್ಲೂ ತಂದೆ-ತಾಯಿ ಪರಸ್ಪರ ಸಮ್ಮತಿ ಮತ್ತು ಸಮಾಲೋಚನೆಯಿಂದ ತೀರ್ಮಾನಿಸಲಿ ಎಂಬುದು ಅಲ್‌ಬಕರ ಅಧ್ಯಾಯದ 233ನೇ ಸೂಕ್ತದ ಆಶಯ. ಮಗುವಿನ ಬಾಯಿಗೆ ಸಂಬಂಧಿಸಿದ ತೀರ್ಮಾನವನ್ನು ತಂದೆಯೊಬ್ಬನೇ ಮಾಡುವಂತಿಲ್ಲ. ಹಾಗಿರುವಾಗ, ಮಗುವನ್ನು ಎಂದೂ ಎತ್ತಿಕೊಳ್ಳದ ಅಧಿಕಾರಿ ಮಾಡಬಹುದೇ?

ಮುಂದಿನ ಸಾಂಕ್ರಾಮಿಕ ನಮ್ಮನ್ನು ಕೇಳಿ ಬರುವುದಿಲ್ಲ. ಅದು ಬರುವ ಮೊದಲೇ ಕೆಲವು ಸಂಗತಿಗಳು ಖಚಿತವಾಗಬೇಕು. 5 ವರ್ಷದ ಕೆಳಗಿನವರಿಗೆ ಯಾವ ಶಾಲೆಯೂ ಮಾಸ್ಕ್ ಕಡ್ಡಾಯ ಮಾಡಕೂಡದು. 6ರಿಂದ 11ರವರೆಗಿನವರ ವಿಷಯದಲ್ಲಿ ಶಾಲಾ ಸಮಿತಿಯ ಸಭೆ ಕರೆದು, ಆರೋಗ್ಯ ಕಾರ್ಯಕರ್ತೆಯ ಸಮ್ಮುಖದಲ್ಲಿ, ಹೆತ್ತವರ ಮಾತು ಕೇಳಿ ತೀರ್ಮಾನಿಸಬೇಕು. ನಿಯಮದ ಕಾರಣವನ್ನು ಹೆತ್ತವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಅದು ಯಾವ ದಿನ ಮುಗಿಯುತ್ತದೆ ಎಂಬುದನ್ನೂ ನಮೂದಿಸಬೇಕು. ಉಬ್ಬಸದ ಮಗು, ಕಿವಿ ಕೇಳಿಸದ ಮಗುವಿನ ತರಗತಿ, ಇವುಗಳಿಗೆ ವಿನಾಯಿತಿ ಇರಬೇಕು. ಮಾಸ್ಕ್ ಬೇಕೆನ್ನುವ ಹೆತ್ತವರ ಮಗುವನ್ನು ಯಾರೂ ಗೇಲಿ ಮಾಡಬಾರದು. ಬಡ ಮಗುವಿಗೆ ಶಾಲೆಯೇ ಉಚಿತವಾಗಿ ಒದಗಿಸಬೇಕು. ಒಪ್ಪಿಗೆ ಪತ್ರದಲ್ಲಿ ಸಹಿಯ ಗೆರೆಯ ಮೇಲೆ, ಅಭಿಪ್ರಾಯಕ್ಕೆಂದು ನಾಲ್ಕು ಗೆರೆಗಳಿರಬೇಕು.

ಆದರೆ ಗೆರೆ ಇದ್ದರೆ ಸಾಲದು, ಅದರ ಮೇಲೆ ಬರೆಯುವವರು ಬೇಕು. ಖತೀಬರು ಜುಮಾ ಪ್ರವಚನದಲ್ಲಿ ಎಸ್‌ಡಿಎಂಸಿ ಸಭೆಯ ದಿನಾಂಕವನ್ನು ತಿಳಿಸಲಿ. ಜಮಾಅತ್ ಸಮಿತಿಗಳು ತಮ್ಮ ಶಾಲೆಗಳಲ್ಲಿ ತಾಯಂದಿರಿಗೆ ಅರ್ಧದಷ್ಟು ಸ್ಥಾನ ಕೊಡಲಿ, ಕಾಯಿದೆ ಬಲವಂತ ಮಾಡದಿದ್ದರೂ ಕೊಡಲಿ. ಹೆತ್ತವರೇ, ಮಗುವನ್ನು ಶಾಲೆಗೆ ಸೇರಿಸಿದ ದಿನ ನೀವು ಅದರ ಶುಲ್ಕದ ಹೊಣೆಯನ್ನು ಮಾತ್ರ ಹೊತ್ತದ್ದಲ್ಲ. ಮುಂದಿನ ಬಾರಿ ಶಾಲೆಯಿಂದ ಕಾಗದ ಬಂದಾಗ ಪೆನ್ನು ಹಿಡಿಯುವ ಮೊದಲು ಓದಿರಿ. ಓದಿದ ಬಳಿಕ ಕೇಳಿರಿ. ಉತ್ತರ ಸಿಕ್ಕಿದ ಮೇಲೆ ಸಹಿ ಹಾಕಿರಿ.